ತೊಂಬತ್ತರ ಅಜ್ಜಿಯ ಕೊಳವೆಯಲ್ಲಿ ಹೊಗೆಸೊಪ್ಪು

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ವೈದ್ಯಾಧಿಕಾರಿ ಇಂಗೆಬ್ಯೋರ್ಗ್ ಠಾಣೆಗೆ ಬಂದು ದೂರು ಕೊಟ್ಟರು. ದ್ವೀಪದವರೆಲ್ಲರ ಎಂಜಲು ಪರೀಕ್ಷಿಸಿದಾಗ ಯಾರಿಗೂ ಸೋಂಕಿಲ್ಲ ಎಂದು ಬಂದಿತ್ತು. ಅದನ್ನು ನಂಬಿ, ಚಳಿಗಾಲವಿಡೀ ನೋಡಲು ಬರುವವರಿಗೆ ಮುಚ್ಚಿದ್ದ ವೃದ್ಧಾಶ್ರಮದ ಬಾಗಿಲು ತೆರೆದಿದ್ದರು. ಎರಡೇ ವಾರದಲ್ಲಿ ಅಲ್ಲಿ ನಾಲ್ವರು ಸತ್ತರು. ಅವರಲ್ಲೊಬ್ಬರು ಕಾನ್‌ಸ್ಟೆಬಲ್ ಸುನ್ನಿವಾಳ ತಾಯಿ.

"ತೆಗೆದಿಟ್ಟಿದ್ದ ಎಂಜಲಿನ ಕೊಳವೆಗಳನ್ನ ಮತ್ತೆ ನೋಡಿದ್ವಿ. ಮೂರು ಮನೆಯವರ ಕೊಳವೆಗಳಲ್ಲಿ ಒಬ್ಬನದೇ ಎಂಜಲು," ಎಂದರು ವೈದ್ಯೆ.

ಇನ್‌ಸ್ಪೆಕ್ಟರ್ ಆರ್ನ್‌ಫಿನ್ ಎಫ್‌ಐಆರ್ ದಾಖಲಿಸಿ, ಸುನ್ನಿವಾಳ ಕಡೆ ತಿರುಗಿದರು.

"ಈ ಕೇಸು ನಿನಗೆ ಬೇಡಮ್ಮ."

"ರಜೆ ಹಾಕಿಯಾದ್ರೂ ಬರ್ತೀನಿ ಸಾರ್."

"ಸರಿ, ಗಾಡಿ ಓಡಿಸು. ಬಾಯಿ ಮಾತ್ರ ಬಿಡಬೇಡ."

ಜನ ಬೆಳಿಗ್ಗೆ ಎದ್ದೊಡನೆ ಕೊಳವೆಗೆ ಉಗಿದು, ಚೀಲದಲ್ಲಿ ಹಾಕಿ ಬಾಗಿಲ ಹಿಡಿಗೆ ತೂಗುಬಿಟ್ಟಿದ್ದರು. ಫೆರಿಯ ಕೆಲಸಗಾರ ತೋರ್ಗೈರ್ ಅವನ್ನು ಒಟ್ಟುಮಾಡಿದ್ದ. ಬೀಗ ಹಾಕಿದರೆ ನೆರೆಯವರಿಗೆ ಅವಮಾನ ಎನ್ನುವ ಊರು ಅದು. ಆ ಚೀಲಗಳಿಗೆ ಯಾರು ಬೇಕಾದರೂ ಕೈ ಹಾಕಬಹುದಿತ್ತು.

ಇಬ್ಬರು ಪಂಚರ ಎದುರು ಆ ಮೂರು ಮನೆಯ ಕೊಳವೆಗಳನ್ನು ತೆರೆದು ಪಂಚನಾಮೆ ಬರೆದರು. ಎಂಜಲು ಚಹಾದ ಬಣ್ಣಕ್ಕಿತ್ತು. ತೊಂಬತ್ತರ ಆಸ್ಲೌಗ್ ಅಜ್ಜಿಯದ್ದೂ ಹಾಗೇ, ಶಾಲೆಗೆ ಹೋಗುವ ಮಗುವಿನದ್ದೂ ಹಾಗೇ.

"ಸ್ನೂಸ್," ಎಂದರು ಆರ್ನ್‌ಫಿನ್.

ಅವರ ತುಟಿಯೊಳಗೂ ಆಗ ಹೊಗೆಸೊಪ್ಪಿನ ಆ ಪುಟ್ಟ ಪೊಟ್ಟಣವಿತ್ತು. ಅಲ್ಲಿನ ಗಂಡಸರು ಅದನ್ನಿಟ್ಟುಕೊಂಡೇ ಕಾಫಿ ಕುಡಿಯುತ್ತಾರೆ, ನಿದ್ದೆಯನ್ನೂ ಮಾಡುತ್ತಾರೆ. ಬಾಯಲ್ಲಿದೆ ಎಂಬ ನೆನಪೂ ಇರುವುದಿಲ್ಲ.

ಸುನ್ನಿವಾ ಬಗ್ಗಿ ಮೂಸಿದಳು. ಜುನಿಪರ್ ಪೊದೆಯ ಕಾಯಿಯ ಘಾಟು. ಅದನ್ನು ಬೆರೆಸಿ ಸ್ನೂಸ್ ಮಾಡಿಕೊಳ್ಳುವವನು ದ್ವೀಪದಲ್ಲಿ ಒಬ್ಬನೇ. ಅಮ್ಮನ ಶವಪೆಟ್ಟಿಗೆ ಹೊತ್ತಾಗ ಇದೇ ವಾಸನೆ ಅವಳ ಪಕ್ಕದಲ್ಲಿತ್ತು.

"ತೋರ್ಗೈರ್," ಎಂದಳು. ಅವನು ಅವಳ ಪಕ್ಕದ ಮನೆಯವನು, ಅವಳ ದೋಣಿಯಲ್ಲಿ ಅರ್ಧ ಪಾಲುದಾರ.

ಹನ್ನೊಂದೂವರೆಗೆ ಫೆರಿ ಕಟ್ಟೆಯಲ್ಲಿ ಅವನು ಸಿಕ್ಕಿದ.

"ಬಾರೇ ಸುನ್ನಿ, ಕಾಫಿ ಬಿಸಿಯಾಗಿದೆ."

"ಆಸ್ಲೌಗ್ ಅಜ್ಜಿ ಯಾವಾಗಿಂದ ಸ್ನೂಸ್ ಹಾಕ್ತಿದ್ದಾಳೋ?" ಆರ್ನ್‌ಫಿನ್ ಕೇಳಿದರು.

"ತೊಂಬತ್ತಕ್ಕೆ ಹೊಸ ಚಟವಾ!" ಎಂದು ನಕ್ಕ. ಆಮೇಲೆ ಅವನ ಬೆರಳು ತಾನಾಗಿ ತುಟಿಗೆ ಹೋಯಿತು. ನಗು ನಿಂತಿತು.

"ಕೊಳವೆಗೆ ಉಗಿ. ಹೋಲಿಸಿ ನೋಡ್ಬೇಕು."

"ಬೇಡ ಸಾರ್. ಅದ್ರಲ್ಲಿ ಉಗಿದಿದ್ದು ನಾನೇ."

"ಯಾಕೆ?"

"ಆ ಮೂರು ಮನೆಯೊಳಗೆ ಕೆಮ್ಮು ಕೇಳಿಸ್ತು. ಅವರ ಎಂಜಲು ಹೋಗಿದ್ರೆ ಆಶ್ರಮದ ಬಾಗಿಲು ತೆಗೀತಿರಲಿಲ್ಲ. ನಮ್ಮಮ್ಮ ಕಿಟಕಿಯಾಚೆಯಿಂದ ನನ್ನನ್ನ ನೋಡಿ ನೋಡಿ, ಯಾರು ಅನ್ನೋದೇ ಮರೀತಾ ಇದ್ದಳು. ಒಂದು ಸಲ ತಲೆ ಬಾಚಬೇಕಿತ್ತು, ಅಷ್ಟೇ."

"ಬಾಚಿದ್ಯಾ?"

"ಬಾಚ್ದೆ."

ಸುನ್ನಿವಾಳಿಗೆ ತಡೆಯಲಾಗಲಿಲ್ಲ. "ಎಲ್ಲಾ ಗೊತ್ತಿದ್ದೂ ನಮ್ಮಮ್ಮನ ಪೆಟ್ಟಿಗೆಗೆ ಹೆಗಲು ಕೊಟ್ಯಲ್ಲೋ! ನಮ್ಮನೇಲಿ ಕೂತು ಊಟ ಮಾಡ್ಕೊಂಡು ಹೋದ್ಯಲ್ಲೋ!"

ಹನ್ನೆರಡು ಗಂಟೆಗೆ ಬಂಧನವಾಯಿತು.

ಠಾಣೆಯ ದಾರಿ ವೃದ್ಧಾಶ್ರಮದ ಮುಂದೆಯೇ ಹಾದುಹೋಗುತ್ತದೆ. ಬಾಗಿಲು ಮತ್ತೆ ಮುಚ್ಚಿತ್ತು. ಕಿಟಕಿಯಲ್ಲಿ ಅವನ ತಾಯಿ ಕೂತಿದ್ದಳು. ಕಾಯಿಲೆ ಅವಳ ಹತ್ತಿರ ಸುಳಿದಿರಲಿಲ್ಲ. ದಾರಿಯಲ್ಲಿ ಹೋಗುವ ಎಲ್ಲರಿಗೂ ಕೈಬೀಸುವಂತೆ ಈ ಗಾಡಿಗೂ ಬೀಸಿದಳು.

ತೋರ್ಗೈರ್‌ನ ಕೈಗಳನ್ನು ಬೆನ್ನಹಿಂದೆ ಕಟ್ಟಿದ್ದರು. "ಸುನ್ನಿ, ನೀನಾದ್ರೂ ಒಂದ್ಸಲ ಕೈ ಬೀಸೇ," ಎಂದ.

ಸುನ್ನಿವಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಗಾಡಿ ಓಡಿಸಿದಳು.