ಗೇಟು ಎರಡೇ ಸಲ ಎದ್ದದ್ದು

ಭಾರತಮ್ಮ ಬೀರುವಿನ ಬಾಗಿಲು ತೆರೆದಾಗ ಶುಕ್ರವಾರ ಮಧ್ಯಾಹ್ನ ಹನ್ನೆರಡೂಕಾಲು. ದೇವಸ್ಥಾನದಿಂದ ಬಂದವರು ಉಟ್ಟಿದ್ದ ರೇಷ್ಮೆ ಸೀರೆ ಮಡಿಸಿ ಇಡಲು ಹೋಗಿದ್ದರು. ಸೀರೆಗಳೆಲ್ಲ ಇದ್ದವು. ಬೆಳ್ಳಿ ತಟ್ಟೆ ಇತ್ತು. ಕೆಳಗಿದ್ದ ಕೆಂಪು ಪೆಟ್ಟಿಗೆಯೂ ಇತ್ತು. ಅದರೊಳಗಿನ ಚಿನ್ನದ ಡಾಬು ಮಾತ್ರ ಇರಲಿಲ್ಲ.

ನಾಲ್ಕು ತಲೆಮಾರಿನ ಡಾಬು. ಮುಂದಿನ ಗುರುವಾರ ತಮ್ಮನ ಮಗಳು ಚಿತ್ರಾಳ ಮದುವೆ. ಅವಳ ಸೊಂಟಕ್ಕೆ ಏರಬೇಕಿದ್ದ ಒಡವೆ. ಭಾರತಮ್ಮ ಫೋನೆತ್ತಿ ಪೊಲೀಸರಿಗೆ ಹೇಳಿದರು.

ಅರ್ಧ ಗಂಟೆಯಲ್ಲಿ ಕೋಲಾರ ಠಾಣೆಯಿಂದ ಎ.ಎಸ್.ಐ. ಆದಿಲಕ್ಷ್ಮಮ್ಮ ಬಂದರು. ಕ್ಯಾಲನೂರಿನವರು. ಬೆಳಗ್ಗೆ ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಿಯೇ ಯೂನಿಫಾರಂ ತೊಡುವ ಹೆಂಗಸು. ಇಪ್ಪತ್ತಾರು ವರ್ಷದ ಸರ್ವೀಸು. ಯಾರನ್ನೂ ಒಂದೇ ಏಟಿಗೆ ನಂಬುವವರಲ್ಲ, ತಮ್ಮ ಹಸುಗಳನ್ನೂ ಸೇರಿಸಿ.

ಬಾಗಿಲು ಮುರಿದಿರಲಿಲ್ಲ. ಬೀರುವಿನ ಮೇಲೆ ಒಂದು ಗೀರೂ ಇರಲಿಲ್ಲ. ಮನೆಯ ಕೀ ತುಳಸಿ ಕುಂಡದ ಕೆಳಗೆ, ಬೀರುವಿನ ಕೀ ರಾಗಿ ಡಬ್ಬದೊಳಗೆ. ಇದು ಯಾರು ಯಾರಿಗೆ ಗೊತ್ತು ಎಂದು ಆದಿಲಕ್ಷ್ಮಮ್ಮ ಕೇಳಿದರು. ನಮ್ಮ ಬಳಗದವರಿಗಷ್ಟೇ ಎಂದರು ಭಾರತಮ್ಮ. ಆಮೇಲೆ ಸ್ವಲ್ಪ ತಡೆದು, ತಮ್ಮನ ಡ್ರೈವರ್ ಕದಿರೇಶನಿಗೂ ಗೊತ್ತು, ಹೋದ ವಾರ ನಾನೇ ಅವನ ಕೈಯಲ್ಲಿ ಬೀಗ ತೆಗೆಸಿದ್ದೆ ಎಂದರು.

ಎದುರು ಮನೆಯವರು ಇನ್ನೊಂದು ಮಾತು ಸೇರಿಸಿದರು. ಹತ್ತೂಮುಕ್ಕಾಲಿಗೆ ಬೀದಿಯ ಮೂಲೆಯಲ್ಲಿ ಬಿಳಿ ಬಣ್ಣದ ಹೊಸ ಕಾರು ನಿಂತಿತ್ತು.

* * *

ಭಾರತಮ್ಮನ ತಮ್ಮ ಲಕ್ಷ್ಮೀನಾರಾಯಣ ಮುಳಬಾಗಿಲಿನಲ್ಲಿ ಆಡಿಟರ್. ಮೂರು ವಾರದ ಹಿಂದೆ ಬಿಳಿ ಕಾರು ಕೊಂಡಿದ್ದರು. ಕೋಲಾರದ ಷೋರೂಮಿನಲ್ಲಿ ಕೆಲಸ ಮಾಡುವ ಹೆಂಡತಿಯ ತಮ್ಮ ಮಾಧವನೇ ನಿಂತು ಕೊಡಿಸಿದ್ದ. ಕಾರಿನ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿಯನ್ನೂ ಗಾಜಿಗೆ ಅಂಟಿಸಿ ಕೊಟ್ಟಿದ್ದ. 2009ನೇ ಇಸವಿ. ಕೋಲಾರ–ಮುಳಬಾಗಿಲು ದಾರಿಯ ಟೋಲ್‌ನಲ್ಲಿ ಪ್ರಯೋಗಕ್ಕೆಂದು ಒಂದು ಸಾಲು ಬಿಟ್ಟಿದ್ದರು. ಡಬ್ಬಿ ಇದ್ದರೆ ಗೇಟು ತಾನಾಗಿ ಏಳುತ್ತದೆ, ಹೋದ ಹೊತ್ತು ಕಂಪ್ಯೂಟರಿನಲ್ಲಿ ಕೂರುತ್ತದೆ.

ಶನಿವಾರ ಬೆಳಗ್ಗೆ ಸಬ್ ಇನ್ಸ್‌ಪೆಕ್ಟರ್ ಅಮರನಾಥ್ ಆ ಕಂಪ್ಯೂಟರಿನ ಪಟ್ಟಿ ತರಿಸಿದರು. ಶುಕ್ರವಾರ ಹತ್ತು ಹದಿನೆಂಟಕ್ಕೆ ಕೋಲಾರದ ಕಡೆಗೆ. ಹನ್ನೊಂದು ಐವತ್ತೆರಡಕ್ಕೆ ವಾಪಸ್ಸು. ಕದಿರೇಶ ಮಾತ್ರ ಆ ಹೊತ್ತಿಗೆ, ಪ್ರತಿ ಶುಕ್ರವಾರದಂತೆ, ಮುಳಬಾಗಿಲಿನ ಆಚೆ ತೋಟವೊಂದರ ಪಂಪ್‌ಸೆಟ್ ಹತ್ತಿರ ಒಬ್ಬನೇ ಕಾರು ತೊಳೆಯುತ್ತಿದ್ದೆ ಎನ್ನುತ್ತಿದ್ದ. ನೋಡಿದವರು ಯಾರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಜೀಪು ನಂಗಲಿಯ ಅವನ ಬೀದಿಗೆ ನುಗ್ಗಿ, ಉಣ್ಣುತ್ತಿದ್ದವನನ್ನು ಎಬ್ಬಿಸಿಕೊಂಡು ಬಂತು.

ಲಕ್ಷ್ಮೀನಾರಾಯಣರಿಗೆ ಸಿಟ್ಟೂ ಸಂಕಟವೂ ಒಟ್ಟಿಗೆ ಬಂದಿದ್ದವು. ಕೊನೆಗೂ ಆ ಡಬ್ಬಿ ಕೆಲಸ ಮಾಡಿ ಕಳ್ಳನನ್ನು ಹಿಡಿದುಕೊಟ್ಟಿತಲ್ಲ ಎಂದು ಠಾಣೆಯಲ್ಲಿ ಹೇಳಿ ಹೋದರು.

ಕದಿರೇಶ ಹನ್ನೆರಡು ವರ್ಷ ಟೊಮೆಟೊ ಟೆಂಪೊ ಓಡಿಸಿದವನು. ಈ ಕೆಲಸ ಸಿಕ್ಕು ಮೂರೇ ವಾರ. ಆದಿಲಕ್ಷ್ಮಮ್ಮ ಟೀ ಕೊಟ್ಟರೆ ಅವನು ಲೋಟ ಮುಟ್ಟಲಿಲ್ಲ.

"ಅಕ್ಕಾ, ಏಟು ಬಿದ್ರೆ ತಡ್ಕೊತೀನಿ. ನಮ್ ಬೀದಿಯೋರೆಲ್ಲ ನಿಂತು ನೋಡಿದ್ರು. ನನ್ ಹೆಂಡ್ತಿ ಇನ್ಮೇಲೆ ಕೊಳಾಯಿ ಹತ್ರ ಬಿಂದಿಗೆ ಹಿಡ್ಕೊಂಡ್ ಹೆಂಗ್ ನಿಂತ್ಕೊತಾಳೆ?"

ಆದಿಲಕ್ಷ್ಮಮ್ಮ ತಣ್ಣಗಾದ ಲೋಟ ಎತ್ತಿಕೊಂಡು ಹೊರಗೆ ಬಂದರು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಬೆಳಗಾದರೂ ಒಂದು ಮಾತು ಕಿವಿಯಲ್ಲೇ ಇತ್ತು. ಲಕ್ಷ್ಮೀನಾರಾಯಣ 'ಕೊನೆಗೂ' ಎಂದದ್ದು ಯಾಕೆ?

* * *

ಭಾನುವಾರ ಅವರು ಪಟ್ಟಿಯನ್ನು ಇನ್ನೊಮ್ಮೆ ಬಿಡಿಸಿದರು. ಇಪ್ಪತ್ತೊಂದು ದಿನದ ಪಟ್ಟಿ. ಅದರಲ್ಲಿ ಇದ್ದದ್ದು ಎರಡೇ ಸಾಲು, ಎರಡೂ ಶುಕ್ರವಾರದ್ದೇ. ಮದುವೆ ಮನೆಯ ಕಾರು. ಸೀರೆಗೆ, ಪಾತ್ರೆಗೆ, ಅಡುಗೆಯವರನ್ನು ಗೊತ್ತು ಮಾಡಲು ಅಂತ ಎಂಟು ಸಲವಾದರೂ ಕೋಲಾರಕ್ಕೆ ಬಂದುಹೋಗಿತ್ತು. ಆ ಓಡಾಟ ಎಲ್ಲಿ ಹೋಯಿತು?

ಸೀದಾ ಟೋಲ್‌ಗೆ ಹೋದರು. ದುಡ್ಡು ತೆಗೆದುಕೊಳ್ಳುವ ಕಟ್ಟೆಯಲ್ಲಿ ಕೂತಿದ್ದ ಶಾಮಲಮ್ಮ ಕಾರಿನ ನಂಬರು ಕೇಳಿದ್ದೇ ನಕ್ಕುಬಿಟ್ಟಳು. ಆ ಕಾರು ಬಂದರೆ ಗೇಟು ಏಳುವುದೇ ಇಲ್ಲವಂತೆ. ಹಿಂದಿನ ಲಾರಿಯವರು ಹಾರನ್ ಹೊಡೆದು ಕಿವಿ ಕಿತ್ತುಹಾಕುತ್ತಾರಂತೆ. ಪಾಪ, ಡ್ರೈವರ್ ಇಳಿದು ಬಂದು ಕೈಯಾರೆ ದುಡ್ಡು ಕೊಟ್ಟು ಹೋಗುತ್ತಾನಂತೆ.

"ಪ್ರತಿ ಸಲಾನಾ?"

"ಪ್ರತಿ ಸಲಾನೂ, ಮೇಡಂ. ಶುಕ್ರವಾರ ಒಂದು ನಂಗೊತ್ತಿಲ್ಲ, ಅವತ್ತು ರಜ ಹಾಕಿದ್ದೆ."

ಮೂರು ವಾರ ಸತ್ತಂತೆ ಬಿದ್ದಿದ್ದ ಡಬ್ಬಿ ಕಳ್ಳತನದ ದಿನವೇ ಎದ್ದು ಕೂತಿತೇ? ಆದಿಲಕ್ಷ್ಮಮ್ಮ ಮುಳಬಾಗಿಲಿಗೆ ಹೊರಟರು.

ಆಡಿಟರ್ ಮನೆಯ ಮುಂದೆ ಕಾರು ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಗಾಜಿನ ಮೇಲೆ, ಕನ್ನಡಿಯ ಹಿಂದೆ, ಅರಿಶಿನದ ಬಟ್ಟೆಯ ಒಂದು ಗಂಟು. ಡಬ್ಬಿ ಎಲ್ಲಿ ಎಂದು ಕೇಳಿದ್ದಕ್ಕೆ ಲಕ್ಷ್ಮೀನಾರಾಯಣರ ತಾಯಿ ಅಂಬಾಬಾಯಿ, ಎಪ್ಪತ್ತೆಂಟರ ಮುದುಕಿ, ಹೆಮ್ಮೆಯಿಂದ ಆ ಗಂಟನ್ನು ತೋರಿಸಿದರು. ಕಾರು ಪೂಜೆಯ ದಿನ ಪೂಜಾರಿಗಳು ಮಂತ್ರಿಸಿ ಕೊಟ್ಟ ಆಂಜನೇಯನ ಯಂತ್ರ ಅದರೊಳಗಿದೆ. ಅಂಗೈಯಗಲದ ತಾಮ್ರದ ತಗಡು. ದೇವರು ರಸ್ತೆಯನ್ನು ನೋಡುತ್ತಿರಬೇಕು, ದೃಷ್ಟಿ ತಾಗಬಾರದು ಅಂತ ಅಂಬಾಬಾಯಿಯೇ ಡಬ್ಬಿಯನ್ನು ಕಿತ್ತು, ಗಾಜಿಗೂ ಡಬ್ಬಿಗೂ ನಡುವೆ ತಗಡು ಇಟ್ಟು, ಎರಡನ್ನೂ ಸೇರಿಸಿ ಕಟ್ಟಿದ್ದರು. ಮಡಿಯಲ್ಲಿ ಕಟ್ಟಿದ್ದು, ಇನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಗಿತ್ತು.

ಡಬ್ಬಿ ಕೆಲಸ ಮಾಡದ ಸಂಗತಿ ಮನೆಯವರಿಗೆಲ್ಲ ಗೊತ್ತಿತ್ತು. ಹೊಸದು, ಒಗ್ಗಿಕೊಳ್ಳಲಿ ಎಂದಿದ್ದರು ಅಂಬಾಬಾಯಿ. ಕೊಡಿಸಿದ ಮಾಧವನಿಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಮದುವೆ ಹೊತ್ತಿನಲ್ಲಿ ಹುಡುಗಿಯ ಸೋದರಮಾವನ ಮನಸ್ಸು ಯಾಕೆ ನೋಯಿಸುವುದು ಅಂತ.

"ಅಮ್ಮಾ, ಟೋಲ್ ತನಕ ಒಂದು ರೌಂಡ್ ಹೋಗಿಬರೋಣ ಬನ್ನಿ," ಎಂದರು ಆದಿಲಕ್ಷ್ಮಮ್ಮ.

ಕಾನ್‌ಸ್ಟೇಬಲ್ ಕಾರು ಓಡಿಸಿದ. ಡಬ್ಬಿಯ ಸಾಲಿಗೆ ಬಂದದ್ದೇ ತಡ, ಗೇಟು ಸಲೀಸಾಗಿ ಎದ್ದಿತು. ಕಟ್ಟೆಯಲ್ಲಿದ್ದ ಶಾಮಲಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಹಿಂದಿನ ಸೀಟಿನಲ್ಲಿ ಅಂಬಾಬಾಯಿಗೆ ಖುಷಿಯೋ ಖುಷಿ, ಒಗ್ಗಿಕೊಂಡಿತು ನೋಡಿ ಎಂದರು. ಆದಿಲಕ್ಷ್ಮಮ್ಮ ಪಕ್ಕಕ್ಕೆ ನಿಲ್ಲಿಸಿ, ಗಂಟು ಬಿಚ್ಚಿ ನೋಡುತ್ತೀರಾ ಎಂದು ಕೇಳಿಕೊಂಡರು. ಮುದುಕಿ ಬಿಚ್ಚಿದರು. ಡಬ್ಬಿ ಗಾಜಿಗೆ ಅಂಟಿತ್ತು. ತಗಡು ಅದರ ಹಿಂದೆ, ಆಂಜನೇಯನ ಮುಖ ಸೀಟಿನ ಕಡೆಗೆ.

"ನಾನು ಹೀಗೆ ಕಟ್ಟೇ ಇಲ್ಲ," ಎಂದರು ಅಂಬಾಬಾಯಿ. "ಯಾರೋ ಬಿಚ್ಚಿದ್ದಾರೆ ಕಣಮ್ಮ."

ಪೂಜೆಯ ದಿನ ಕಟ್ಟಿದ್ದ ಹಾಗೆಯೇ, ತಗಡನ್ನು ಗಾಜಿನ ಕಡೆಗಿಟ್ಟು ಕಟ್ಟಿಸಿ, ತಿರುಗಿಸಿಕೊಂಡು ಬಂದು ಮತ್ತೆ ಅದೇ ಸಾಲಿಗೆ ನುಗ್ಗಿಸಿದರು. ಗೇಟು ಜಪ್ಪಯ್ಯ ಎನ್ನಲಿಲ್ಲ.

* * *

ಸೋಮವಾರ ಬೆಳಗ್ಗೆ ಠಾಣೆಯಲ್ಲಿ ಎಲ್ಲರೂ ಕೂತಿದ್ದರು. ಲಕ್ಷ್ಮೀನಾರಾಯಣ, ಭಾರತಮ್ಮ, ಗೋಡೆಗೆ ಒರಗಿ ಕದಿರೇಶ. ಭಾವನ ಜೊತೆ ಓಡಾಡಿ ಸಹಾಯ ಮಾಡುತ್ತಿದ್ದ ಮಾಧವನೂ ಬಂದಿದ್ದ, ಇಸ್ತ್ರಿ ಕೆಡದ ಷರ್ಟಿನಲ್ಲಿ.

ಆದಿಲಕ್ಷ್ಮಮ್ಮ ಅವನಿಗೇ ಮೊದಲು ಕುರ್ಚಿ ಹಾಕಿಸಿದರು. ಆ ಡಬ್ಬಿ ಬಗ್ಗೆ ತಮಗೆ ಏನೂ ತಿಳಿಯದು, ಸ್ವಲ್ಪ ಬಿಡಿಸಿ ಹೇಳಪ್ಪ ಎಂದರು. ಮಾಧವ ಚೆನ್ನಾಗಿಯೇ ಹೇಳಿದ.

"ಭಾವನ ಕಾರಲ್ಲಿ ಸರಿಯಾಗಿ ಕೆಲಸ ಮಾಡ್ತಿತ್ತಾ?"

"ಫಸ್ಟ್ ಕ್ಲಾಸಾಗಿ, ಮೇಡಂ. ನಾನೇ ಅಂಟಿಸಿದ್ದು. ಮೂರು ವಾರದಿಂದ ಒಂದು ಸಲಾನೂ ಕೈ ಕೊಟ್ಟಿಲ್ಲ."

ಲಕ್ಷ್ಮೀನಾರಾಯಣ ಗಕ್ಕನೆ ತಲೆಯೆತ್ತಿದರು. ಭಾರತಮ್ಮನೂ. ಏನಾಯಿತೆಂದು ತಿಳಿಯದೆ ಮಾಧವ ಅವರನ್ನೂ ಇವರನ್ನೂ ನೋಡಿದ.

ಆಗ ಆದಿಲಕ್ಷ್ಮಮ್ಮ ಒಂದೊಂದಾಗಿ ಬಿಡಿಸಿಟ್ಟರು. ತಾಮ್ರ ಅಡ್ಡ ಇದ್ದರೆ ಟೋಲ್ ಯಂತ್ರಕ್ಕೆ ಡಬ್ಬಿ ಕಾಣುವುದಿಲ್ಲ. ಶುಕ್ರವಾರ ಕಂಡಿದೆ ಎಂದರೆ ಡಬ್ಬಿ ಆ ಗಂಟಿನಲ್ಲಿ ಇರಲಿಲ್ಲ, ಬೇರೆ ಕಾರಿನಲ್ಲಿತ್ತು. ಟೋಲ್ ಪಟ್ಟಿ ತೋರಿಸಿ ಕದಿರೇಶನ ತಲೆಗೆ ಕಟ್ಟಬೇಕೆಂದವನು ಡಬ್ಬಿಯನ್ನು ನಂಬಿದ್ದ. ಅದು ಕೆಲಸ ಮಾಡದೆಂದು ಕದಿರೇಶನಿಗೆ ಗೊತ್ತು, ಮನೆಯವರಿಗೆಲ್ಲ ಗೊತ್ತು. ಕೀ ಎಲ್ಲಿದೆ ಎಂದು ತಿಳಿದೂ ಈ ಒಂದು ಸಂಗತಿ ತಿಳಿಯದವನು ಇಡೀ ಬಳಗದಲ್ಲಿ ಒಬ್ಬನೇ.

ಗುರುವಾರ ಸಂಜೆ ಕಾರು ಚೆಕ್ ಮಾಡುತ್ತೇನೆಂದು ಬಂದು ಮಾಧವ ಡಬ್ಬಿ ಬಿಚ್ಚಿಕೊಂಡಿದ್ದ. ತಗಡನ್ನು ಬಟ್ಟೆಯಲ್ಲೇ ಬಿಟ್ಟಿದ್ದರಿಂದ ಗಂಟು ಗಂಟಾಗಿಯೇ ಕಂಡಿತು, ಮುಟ್ಟಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಶುಕ್ರವಾರ ಷೋರೂಮಿನ ಡೆಮೊ ಕಾರು ತೆಗೆದ. ಅದೂ ಬಿಳಿ, ಅದೇ ಮಾಡೆಲ್ಲು. ಮಾಲೂರಿನ ಕೋದಂಡರಾಮಪ್ಪ ಎಂಬ ಗಿರಾಕಿಗೆ ತೋರಿಸಲು ಎಂದು ಪುಸ್ತಕದಲ್ಲಿ ಬರೆದ. ಕೋದಂಡರಾಮಪ್ಪ ಇಡೀ ದಿನ ಕಾದು ಬೈದುಕೊಂಡು ಮಲಗಿದ್ದರು. ಇವನು ಮೊದಲು ದುಡ್ಡಿನ ಸಾಲಿನಲ್ಲಿ ಟೋಲ್ ದಾಟಿ ಮುಳಬಾಗಿಲಿನ ಕಡೆಗೆ ಹೋಗಿ, ಡಬ್ಬಿ ಇಟ್ಟುಕೊಂಡು ಕೋಲಾರಕ್ಕೆ ಬಂದು, ಡಾಬು ಎತ್ತಿಕೊಂಡು ಹಾಗೇ ವಾಪಸ್ಸು ಹೋದ. ಮಧ್ಯಾಹ್ನ ಹಂಚಲು ಲಗ್ನಪತ್ರಿಕೆ ತೆಗೆದುಕೊಳ್ಳುವ ನೆಪದಲ್ಲಿ ಭಾವನ ಮನೆಗೆ ಹೋಗಿ ಡಬ್ಬಿಯನ್ನು ಮತ್ತೆ ಕಟ್ಟಿದ. ಕಟ್ಟುವಾಗ ದೇವರನ್ನು ತಿರುಗಿಸಿಬಿಟ್ಟ.

ಅಮರನಾಥ್ ಎದ್ದು ಕೆಂಪು ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟರು. ಡೆಮೊ ಕಾರಿನ ಸ್ಟೆಪ್ನಿ ಟೈರಿನ ಕೆಳಗೆ ಬೆಳಗ್ಗೆಯೇ ಸಿಕ್ಕಿತ್ತು. ಭಾರತಮ್ಮ ಡಾಬನ್ನು ಎದೆಗೊತ್ತಿಕೊಂಡು ಅತ್ತರು.

ಮಾಧವ ತಲೆ ತಗ್ಗಿಸಿದ. "ಒಂಬತ್ತು ವರ್ಷದಿಂದ ಊರಿಗೆಲ್ಲ ಕಾರು ಕೊಡಿಸ್ತಿದ್ದೀನಿ, ಭಾವ. ನಾನಿನ್ನೂ ಸ್ಕೂಟರಲ್ಲೇ ಓಡಾಡ್ತಿದ್ದೀನಿ," ಎಂದ. ಅಷ್ಟೇ ಅವನ ಸಮಜಾಯಿಷಿ.

* * *

ಲಕ್ಷ್ಮೀನಾರಾಯಣ ಕದಿರೇಶನ ಮುಂದೆ ನಿಂತು, ತಪ್ಪಾಯಿತಪ್ಪ ಎಂದು ಕೈ ಜೋಡಿಸಿದರು. ಗುರುವಾರ ಮದುಮಗಳ ಕಾರನ್ನು ನೀನೇ ಓಡಿಸಬೇಕು ಎಂದರು. ಕದಿರೇಶ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಇಲ್ಲಿ ಹೇಳಿದ್ದು ಇಲ್ಲೇ ಉಳ್ಕೊಳ್ಳುತ್ತೆ, ಸಾರ್. ನನ್ನ ಎತ್ಕೊಂಡ್ ಬಂದಿದ್ದು ನಮ್ ಬೀದಿಯಿಂದ."

ಆಡಿಟರ್‌ಗೆ ಅರ್ಥವಾಯಿತು. ಲೈಸೆನ್ಸ್ ಬಂದು ಎರಡು ತಿಂಗಳೂ ಆಗಿರದ ಅವರು ತಾವೇ ಸ್ಟೀರಿಂಗ್ ಹಿಡಿದರು. ಹಿಂದಿನ ಸೀಟಿನಲ್ಲಿ ಕದಿರೇಶ, ಪಕ್ಕದಲ್ಲಿ ಆದಿಲಕ್ಷ್ಮಮ್ಮ. ನಂಗಲಿ ಮುಟ್ಟುವುದರೊಳಗೆ ಕಾರು ನಾಲ್ಕು ಸಲ ಆಫ್ ಆಯಿತು. ಕದಿರೇಶ ತುಟಿ ಕಚ್ಚಿಕೊಂಡು ಕೂತಿದ್ದ, ಒಂದು ಮಾತೂ ಹೇಳಿಕೊಡಲಿಲ್ಲ.

ಬೀದಿಯ ಕೊಳಾಯಿಯಲ್ಲಿ ನೀರು ಬರುವ ಹೊತ್ತು. ಹತ್ತು ಹದಿನೈದು ಬಿಂದಿಗೆಗಳ ಕೊನೆಯಲ್ಲಿ, ಎಲ್ಲರಿಂದ ಸ್ವಲ್ಪ ದೂರ, ಅವನ ಹೆಂಡತಿ ರಾಮಲಕ್ಷ್ಮಮ್ಮ ನಿಂತಿದ್ದಳು. ಆಡಿಟರ್ ಇಳಿದು ಬಂದು ಹಿಂದಿನ ಬಾಗಿಲು ತೆರೆದು ಹಿಡಿದರು. ಕದಿರೇಶ ಇಳಿದ. ನಿಮ್ಮ ಯಜಮಾನರು ಕದ್ದಿಲ್ಲಮ್ಮ, ಕದ್ದವನು ನಮ್ಮ ಮನೆಯವನೇ, ಎಂದು ಅವರು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಆಮೇಲೆ ಸಾಲಿನ ಮುಂದಿದ್ದ ಹೆಂಗಸು ತನ್ನ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ರಾಮಲಕ್ಷ್ಮೀ, ನೀನು ಮೊದ್ಲು ಹಿಡ್ಕೋ ಬಾರೇ. ಮನೇಗೆ ನೆಂಟರು ಬಂದವ್ರೆ."