ಮಹಡಿ ಮೇಲಿನ ಹೊಲಿಗೆ ಕ್ಲಾಸು

"ಪ್ರತಿ ಮಂಗಳವಾರ ಮೇಲೆ ಹೋಗ್ತೀರಲ್ಲ, ಏನ್ ಮೇಡಂ ಅಲ್ಲಿ?"

ಮೆಟ್ಟಿಲ ಪಕ್ಕದ ವಾಚ್ ರಿಪೇರಿ ಅಂಗಡಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಕೇಳಿದ. ಆ ಒಂಟಿ ದೊಡ್ಡ ಕಣ್ಣಿಗೆ ತನ್ನದೆಲ್ಲ ಕಂಡೇಬಿಟ್ಟಿತೇನೋ ಎಂದು ಅವಳಿಗನ್ನಿಸಿತು.

"ಹೊಲಿಗೆ ಕ್ಲಾಸು," ಎಂದಳು.

ಮೇಲೆ ನಡೆಯುತ್ತಿದ್ದದ್ದು ಕುಡಿತ ಬಿಟ್ಟ ಹೆಂಗಸರ ಸಭೆ. ಅವಳು ಚಿಕಿತ್ಸೆ ಮುಗಿಸಿ ಬಂದು ಐದು ತಿಂಗಳಾಗಿತ್ತು.

ಮುಂದಿನ ಮಂಗಳವಾರ ಅವನು ಜೇಬು ಕಿತ್ತುಬಂದ ಶರ್ಟ್ ಹಿಡಿದು ನಿಂತಿದ್ದ. "ಇದನ್ನ ಹೊಲಿದ್ಕೊಡ್ತೀರಾ? ಅರ್ಜೆಂಟೇನಿಲ್ಲ. ನಿಮ್ಮನ್ನ ನಾಲ್ಕು ಸಲ ಕೇಳೋ ಹಾಗಾದ್ರೆ ನಂಗೇ ಒಳ್ಳೇದು," ಎಂದವನ ಕಿವಿ ಕೆಂಪಾಗಿತ್ತು.

ಸೂಜಿಗೆ ದಾರ ಪೋಣಿಸಲೂ ಬಾರದವಳು ಭಾನುವಾರವಿಡೀ ಕೂತು ಹೊಲಿದಳು. ಮಂಗಳವಾರ ಶರ್ಟ್ ಪಡೆದವನು ಜೇಬಿಗೆ ಕೈ ಹಾಕಲು ಹೋದ. ಬೆರಳು ಒಳಗಿಳಿಯಲಿಲ್ಲ, ಜೇಬಿನ ಬಾಯಿಯನ್ನೇ ಹೊಲಿದಿದ್ದಳು.

"ಪರವಾಗಿಲ್ಲ, ಜೇಬುಗಳ್ಳರ ಕಾಟ ತಪ್ಪಿತು," ಎಂದ ಅವನು.

ಅವಳು ನಕ್ಕಳು. ಹಾಗೆ ನಕ್ಕು ವರ್ಷಗಳೇ ಆಗಿದ್ದವು. ಸುಳ್ಳು ಹೇಳಿ ಗಳಿಸಿದ ನಗುವೆನ್ನಿಸಿ ಮುಖ ಬಾಡಿತು.

"ಮೇಲೆ ಹೊಲಿಗೆ ಹೇಳ್ಕೊಡಲ್ಲ. ನಾನು ಕುಡೀತಿದ್ದೆ. ಟೀಚರಾಗಿದ್ದೆ, ಕುಡ್ಕೊಂಡೇ ಸ್ಕೂಲಿಗೆ ಹೋಗ್ತಿದ್ದೆ. ಒಂದಿನ ಮಕ್ಕಳೆಲ್ಲ ತೂರಾಡ್ಕೊಂಡು ಆಡ್ತಿದ್ರು. ಏನಾಟ ಅಂದೆ. 'ನೀವು ನಡಿಯೋ ಆಟ, ಮಿಸ್' ಅಂದ್ರು."

ಅವನು ಶರ್ಟ್ ಮಡಚಿಟ್ಟು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. ಮರುವಾರ ಅಂಗಡಿಯ ಷಟರ್ ಎಳೆದಿತ್ತು. ಅದೇ ಉತ್ತರವೆಂದುಕೊಂಡು ಅವಳು ತಲೆ ತಗ್ಗಿಸಿ ಮೆಟ್ಟಿಲೇರಿದಳು.

ಅದರ ಮುಂದಿನ ಸಭೆಗೆ ಎಲ್ಲರೂ ಮನೆಯವರನ್ನು ಕರೆತರಬೇಕಿತ್ತು. "ಯಾವ ಮುಖ ಇಟ್ಕೊಂಡು ಬರ್ಲಿ?" ಎಂದು ಅಮ್ಮ ಫೋನಿಟ್ಟಿದ್ದಳು. ಅವಳ ಪಕ್ಕದ ಕುರ್ಚಿಯೊಂದೇ ಖಾಲಿ.

ಬಾಗಿಲಲ್ಲಿ ಅವನು ನಿಂತಿದ್ದ. ಅವಳೆದ್ದು ಹತ್ತಿರ ಹೋದಳು.

"ನಮ್ಮಣ್ಣನೂ ಕುಡೀತಿದ್ದ," ಎಂದ ಮೆಲ್ಲಗೆ. "ಒಂದಿನ ಕುಡಿದು ಮನೆಗೆ ಬಂದಾಗ ಬಾಗಿಲು ಹಾಕ್ಕೊಂಡೆ. ಆಮೇಲೆ ಅವನು ಬರ್ಲೇ ಇಲ್ಲ, ತೀರಿಹೋದ. ಹೋದ ವಾರ ನಿಮಗೂ ಅದನ್ನೇ ಮಾಡ್ದೆ. ತಪ್ಪಾಯ್ತು."

"ನಾನು ಮತ್ತೆ ಕುಡಿದ್ರೆ?"

"ಭಯ ಇದೆ. ಅದಕ್ಕೇ ಬಂದೆ. ಆಗ ಏನ್ ಮಾಡ್ಬೇಕು ಅಂತ ಇವತ್ತು ಮನೆಯವರಿಗೆ ಇಲ್ಲಿ ಹೇಳ್ಕೊಡ್ತಾರಂತೆ, ಮೆಟ್ಟಿಲು ಹತ್ತೋರು ಹೇಳಿದ್ರು. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ."

ಅವಳು ಅವನನ್ನು ಕರೆದುಕೊಂಡು ತನ್ನ ಜಾಗಕ್ಕೆ ಮರಳಿದಳು. ಸಭೆ ನಡೆಸುವ ಅಕ್ಕ ಹಾಜರಿ ಪುಸ್ತಕ ತೆರೆದು ಕೇಳಿದಳು, "ಇವರು ನಿನಗೇನಾಗ್ಬೇಕು?"

"ಕೆಳಗಡೆ ಅಂಗಡಿ..." ಎಂದು ಅವನು ತಡವರಿಸಿದ.

"ನಮ್ಮವರು," ಎಂದಳು ಅವಳು. ತಲೆ ತಗ್ಗಿಯೇ ಇತ್ತು. ಕೈ ಮಾತ್ರ ಖಾಲಿ ಕುರ್ಚಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಿತು.