ಹಾಡ್ರಿಯಾನನ ಗಡ್ಡ

ಬೆಳಗ್ಗೆ ಅಚ್ಚಿನಮನೆಯ ಕದ ತೆಗೆದಾಗ ವೆಸ್ಪಾಸಿಯಾನ ಚಕ್ರವರ್ತಿ ಇರಲಿಲ್ಲ. ಹಳೆಯ ರೋಮಿನ ಆ ದೊರೆಯ ಮುಖ ಕೊರೆದ ತಾಮ್ರದ ಫಲಕವಿಡುವ ಗೂಡು ಖಾಲಿ. ಮತ್ತೆ ಅಚ್ಚು ಹಾಕಲೆಂದು ಪುಸ್ತಕ ವ್ಯಾಪಾರಿ ಒಪ್ಪಿಸಿಹೋಗಿದ್ದ ಫಲಕ ಅದು.

ಪೋಪರ ಪೇದೆ ನಜಾರಿಯೋ ಬಂದ. ಕೆತ್ತನೆಗಾರ ಸಿಲ್ವೆಸ್ತ್ರೋ, ಅಚ್ಚಿನ ಚಕ್ರ ತಿರುಗಿಸುವ ಬಸ್ತಿಯಾನೋನತ್ತ ಬೆರಳು ತೋರಿಸಿದ.

"ಇವನೇ. ಬೀಗದ ಕೈ ಇವನ ಹತ್ರಾನೇ ಇರೋದು."

"ತಾಮ್ರ ಕದ್ದು ಏನ್ ಮಾಡ್ಲಿ ಯಜಮಾನ್ರೇ? ಸಾರು ಕುದಿಸ್ಕೊಂಡು ಕುಡೀಲಾ?"

"ಹಡಗಿನಲ್ಲಿ ಕುಡೀವಂತೆ, ನಡಿ," ಎಂದು ಪೇದೆ ಅವನ ಕೈಗೆ ಕೋಳ ಹಾಕಿದ.

ಸಿಲ್ವೆಸ್ತ್ರೋನ ಹೆಂಡತಿ ಒರ್ತೆನ್ಸಿಯಾ ಕಾಗದ ನೆನೆಸುತ್ತಿದ್ದಳು. ಬೆನ್ನು ಸೋತಿತ್ತು, ಮನಸ್ಸು ಅದಕ್ಕೂ ಮೊದಲೇ ಸೋತಿತ್ತು. ಕಳ್ಳತನದ ಶಿಕ್ಷೆಗೆ ಹಡಗಿನ ಹುಟ್ಟಿಗೆ ಕಟ್ಟಿಸಿಕೊಂಡು ಹೋದ ಯಾರೂ ಈ ಬೀದಿಗೆ ಮರಳಿದ್ದನ್ನು ಅವಳು ಕಂಡಿರಲಿಲ್ಲ. ಸುಮ್ಮನಿದ್ದರೆ ಮನೆ ಉಳಿಯುತ್ತದೆ. ಸುಮ್ಮನಿರುವುದು ಅವಳಿಗೆ ಹೊಸದೂ ಅಲ್ಲ. ಆದರೆ ಬಸ್ತಿಯಾನೋ?

ಅವಳು ಕೈ ಒರೆಸಿಕೊಂಡಳು.

"ನಿಲ್ಲಪ್ಪ ಸ್ವಲ್ಪ. ರೀ, ನಿನ್ನೆ ಮುಗಿಸಿದ್ರಲ್ಲ, ಹೊಸ ಹಾಡ್ರಿಯಾನ ಚಕ್ರವರ್ತಿ ಫಲಕ — ಅದನ್ನ ಕೊಡಿ."

"ಈಗ್ಯಾಕೆ ಅದು? ಮುಟ್ಬೇಡ!"

ಅವಳು ಆಗಲೇ ಎತ್ತಿಕೊಂಡಿದ್ದಳು. ಮುಂಬದಿ ನೋಡಲಿಲ್ಲ, ಮಗುಚಿದಳು.

"ಬೆನ್ನ ಮೇಲೆ ಯಾಕ್ರೀ ಇಷ್ಟೊಂದು ಸುತ್ತಿಗೆ ಏಟು?"

ಪೇದೆ ಹತ್ತಿರ ಬಂದ. "ಏನಮ್ಮಾ ಹಾಗಂದ್ರೆ?"

"ಕೊರೆದಿದ್ದನ್ನ ಅಳಿಸ್ಬೇಕು ಅಂದ್ರೆ ತಾಮ್ರ ಹೆರೀತಾರೆ. ಹೆರೆದಲ್ಲಿ ತಗ್ಗು ಬೀಳತ್ತೆ. ಹಿಂದಿನಿಂದ ಬಡಿದು ಎತ್ತಬೇಕು. ಹೊಸ ತಾಮ್ರಾನ ಯಾರಾದ್ರೂ ಬಡೀತಾರಾ? ಅದೂ ಮುಖದ ಹಿಂದೆ ಮಾತ್ರ?"

"ಅಂದ್ರೆ —"

"ವೆಸ್ಪಾಸಿಯಾನ ಎಲ್ಲೂ ಹೋಗಿಲ್ಲ. ಈ ಗಡ್ಡದ ಕೆಳಗೇ ಇದ್ದಾನೆ. ಚಿತ್ರದಲ್ಲಿ ಮುಖದ ಹಿಂದಿರೋ ಮುರುಕು ಕಮಾನು ಹಳೇದೇ, ಒಂದು ಗೆರೇನೂ ಬದಲಾಗಿಲ್ಲ. ಎಲ್ಲಾ ಚಕ್ರವರ್ತಿಗಳ ಹಿಂದೇನೂ ಒಂದು ಹಾಳು ಕಟ್ಟಡ ಇರತ್ತೆ. ಅದನ್ನ ಯಾರು ನೋಡ್ತಾರೆ?"

"ಹಾಗಾದ್ರೆ ಕದ್ದವನು?"

"ನನ್ನ ಗಂಡ."

ಬಸ್ತಿಯಾನೋ ಶಿಲುಬೆಯ ಗುರುತು ಮಾಡಿಕೊಳ್ಳಲು ಹೋದ, ಕೋಳ ಬಿಡಲಿಲ್ಲ.

"ಹಾಡ್ರಿಯಾನನಿಗೆ ಅಂತಿದ್ದ ಹೊಸ ತಾಮ್ರ ಕೆಡಿಸಿಬಿಟ್ಟೆ," ಎಂದ ಸಿಲ್ವೆಸ್ತ್ರೋ, ಯಾರನ್ನೂ ನೋಡದೆ. "ಕಮಾನಿನ ಸಣ್ಣ ಗೆರೆ ಕಣ್ಣಿಗೆ ಸಿಗ್ತಾ ಇಲ್ಲ. ಗಡ್ಡ ಆದ್ರೆ ಕೈಗೇ ಗೊತ್ತು, ಅದಕ್ಕೇ ಕಮಾನಿದ್ದ ಹಳೇ ಫಲಕ ತಗೊಂಡೆ." ಆಮೇಲೆ ಹೆಂಡತಿಯತ್ತ ತಿರುಗಿ, "ನನಗೊಬ್ಬನಿಗೇ ಹೇಳ್ಬಹುದಿತ್ತು ನೀನು."

"ನೀವೂ ಹೇಳ್ಬಹುದಿತ್ತು, ರೀ."

ಎಷ್ಟು ಕಾಲದಿಂದ ಅವನ ಮೇಜಿಗೆ ದೀಪವನ್ನು ಇನ್ನಷ್ಟು, ಮತ್ತಷ್ಟು ಹತ್ತಿರ ಸರಿಸುತ್ತ ಬಂದಿದ್ದಳು! ಒಮ್ಮೆಯೂ ಕೇಳಿರಲಿಲ್ಲ.

ಪೇದೆ ಬಸ್ತಿಯಾನೋನ ಕೋಳ ಬಿಚ್ಚಿ ಸಿಲ್ವೆಸ್ತ್ರೋನತ್ತ ತಿರುಗಿದ.

"ಅವರಿಗೆ ಅದು ಬೇಡಪ್ಪ," ಎಂದಳು ಒರ್ತೆನ್ಸಿಯಾ. "ಓಡೋಕೆ ದಾರಿ ಕಾಣಬೇಕಲ್ಲ."

ಅವಳು ಗಂಡನ ಮೊಣಕೈ ಹಿಡಿದು ಬಾಗಿಲ ತನಕ ನಡೆಸಿದಳು. ಅಲ್ಲಿ ತಗ್ಗಿದ ದನಿಯಲ್ಲಿ, "ಹೊಸ್ತಿಲು," ಎಂದಳು. ಅವನು ಕಾಲೆತ್ತಿ ದಾಟಿದ.